ಗಬ್ಬು ನಾತದಿಂದ ಕಾಲರಾ ಬರುತ್ತದೆಯೇ? ಲಂಡನ್ನಿನ ಚರಂಡಿ ಕಟ್ಟಿದವರ ಕಥೆ

ಚರಂಡಿಯ ನಾತ ಮೂಗಿಗೆ ಬಡಿದರೆ ರೋಗ ಅಂಟುತ್ತದೆ ಎಂದು ನಮ್ಮಲ್ಲಿ ಹಲವರು ಈಗಲೂ ನಂಬುತ್ತೇವೆ. 19ನೇ ಶತಮಾನದ ಲಂಡನ್ನಿನಲ್ಲಿ ಬಹುತೇಕ ವೈದ್ಯರೂ ಹಾಗೇ ನಂಬಿದ್ದರು. ಆ ತಪ್ಪು ನಂಬಿಕೆಯ ನಡುವೆಯೇ ಸರಿಯಾದ ಕೆಲಸ ಮಾಡಿದವರು ಎಂಜಿನಿಯರ್ ಜೋಸೆಫ್ ಬ್ಯಾಜಲ್ಜೆಟ್.

ಅವರು ಹುಟ್ಟಿದ್ದು 1819ರಲ್ಲಿ. ಆಗ ಊರಿನ ಹೊಲಸು ಥೇಮ್ಸ್ ನದಿ ಸೇರುತ್ತಿತ್ತು. ಅದೇ ನದಿಯ ನೀರನ್ನು ಜನ ಕುಡಿಯುತ್ತಿದ್ದರು. 1853-54ರ ಕಾಲರಾ 10,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕಾರಣ ಕೊಳಕು ನೀರು ಎಂದು ವೈದ್ಯ ಜಾನ್ ಸ್ನೋ ಹೇಳಿದರೂ ಹೆಚ್ಚಿನವರು ಕಿವಿಗೊಡಲಿಲ್ಲ. 1858ರ ಬೇಸಿಗೆಯಲ್ಲಿ ನಾತ ನದಿದಡದ ಸಂಸತ್ತಿಗೇ ನುಗ್ಗಿತು. ಕೆಲವೇ ವಾರಗಳಲ್ಲಿ ಚರಂಡಿ ಕಟ್ಟಲು ಕಾನೂನು ಬಂತು!

ಬ್ಯಾಜಲ್ಜೆಟ್ ಬೀದಿಗಳನ್ನು ಅಗೆಸಿ, ಸುಮಾರು 132 ಕಿ.ಮೀ. ಉದ್ದದ ಇಟ್ಟಿಗೆ ಸುರಂಗಗಳನ್ನು ಕಟ್ಟಿಸಿದರು. ನದಿಗೆ ಬೀಳುತ್ತಿದ್ದ ಹೊಲಸನ್ನು ಇವು ನಡುದಾರಿಯಲ್ಲೇ ತಡೆದು, ಊರಾಚೆ ಪೂರ್ವಕ್ಕೆ ಒಯ್ದವು. ತಗ್ಗಿನಲ್ಲಿ ಉಗಿಯಂತ್ರದ ಪಂಪುಗಳು ಅದನ್ನು ಮೇಲೆತ್ತಿದವು.

1866ರಲ್ಲಿ ಕಾಲರಾ ಮರಳಿತು. ಸತ್ತವರಲ್ಲಿ ಹೆಚ್ಚಿನವರು ಹೊಸ ಚರಂಡಿ ಇನ್ನೂ ಪೂರ್ತಿಯಾಗದ ಪೂರ್ವ ಲಂಡನ್ನಿನವರು. ಅಲ್ಲಿ ಸರಬರಾಜಾದ ನೀರಿಗೇ ಹೊಲಸು ಬೆರೆತಿತ್ತು. ಲಂಡನ್ ಕಂಡ ಕೊನೆಯ ದೊಡ್ಡ ಕಾಲರಾ ಅದು. ಬ್ಯಾಜಲ್ಜೆಟ್ 1891ರಲ್ಲಿ ತೀರಿಕೊಂಡರು. ಅವರ ಸುರಂಗಗಳು ಇಂದಿಗೂ ಬಳಕೆಯಲ್ಲಿವೆ.

ಹಾಗಾದರೆ ನಾವು ತಿಳಿಯಬೇಕಾದ್ದೇನು? ನಾತ ಎಚ್ಚರಿಕೆ ಮಾತ್ರ. ಕಾಲರಾ ತರುವುದು ಹೊಲಸು ಬೆರೆತ ನೀರು, ಆಹಾರ. ಫಿನೈಲ್ ಸುರಿದು ವಾಸನೆ ಅಡಗಿಸಿದರೆ ಸಾಲದು. ನಲ್ಲಿ ನೀರಿಗೆ ಚರಂಡಿ ನೀರು ಸೇರಿದ ಅನುಮಾನವಿದ್ದರೆ ಅದನ್ನು ಕುಡಿಯಬೇಡಿ, ಕೂಡಲೇ ದೂರು ಕೊಡಿ.