ಗರಡಿಯ ವೀರ ಸಂಗೊಳ್ಳಿ ರಾಯಣ್ಣ

ಬೆಳಗಾವಿಯಿಂದ ಹಾವೇರಿ, ರಾಣೆಬೆನ್ನೂರುಗಳವರೆಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ದೇವಾಲಯದಷ್ಟೇ ಗೌರವದಿಂದ ಕಾಣುತ್ತಿದ್ದ ಇನ್ನೊಂದು ತಾಣವಿತ್ತು. ಅದೇ ಗರಡಿಮನೆ. ಊರಿನ ತರುಣರು ಮೈಗೆ ಮಣ್ಣು ಮೆತ್ತಿಕೊಂಡು ಅಲ್ಲಿ ಬಲವನ್ನೂ ವಿನಯವನ್ನೂ ಒಟ್ಟಿಗೆ ಕಲಿಯುತ್ತಿದ್ದರು. ಇಂತಹ ಗರಡಿಯ ಮಣ್ಣಿನಲ್ಲಿ ಬೆಳೆದು, ಕಲಿತ ವಿದ್ಯೆಯನ್ನು ನಾಡಿಗಾಗಿ ಧಾರೆಯೆರೆದವನು ಸಂಗೊಳ್ಳಿ ರಾಯಣ್ಣ.

ಮಲಪ್ರಭಾ ನದಿಯ ದಡದಲ್ಲಿರುವ ಸಂಗೊಳ್ಳಿ ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲೂಕಿನ ಗ್ರಾಮ. ಆ ಕಾಲದಲ್ಲಿ ಅದು ಕಿತ್ತೂರು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ಭರಮಪ್ಪ, ಕೆಂಚವ್ವ ದಂಪತಿಗಳ ಮಗ ರಾಯಣ್ಣ. 1798ರ ಆಗಸ್ಟ್ 15 ಅವನ ಜನ್ಮದಿನವೆಂದು ನಾಡು ಆಚರಿಸುತ್ತದೆ. ಅವನ ಮನೆತನದವರು ಶೇತಸನದಿಗಳು. ಊರಿನ ಕಾವಲು ಕಾಯುವುದು, ಕರೆ ಬಂದಾಗ ಆಯುಧ ಹಿಡಿದು ದೊರೆಯ ಪಕ್ಕದಲ್ಲಿ ನಿಲ್ಲುವುದು ಶೇತಸನದಿಗಳ ಕರ್ತವ್ಯ. ಈ ಸೇವೆಗೆ ಸಂಬಳವಿರಲಿಲ್ಲ. ಅದರ ಬದಲು ಸಂಸ್ಥಾನವು ಅವರಿಗೆ ಹೊಲವನ್ನು ಬಿಟ್ಟುಕೊಡುತ್ತಿತ್ತು. ನೇಗಿಲು ಹಿಡಿದ ಕೈಯೇ ಖಡ್ಗವನ್ನೂ ಹಿಡಿಯುತ್ತಿತ್ತು. ಆದುದರಿಂದ ಅಂತಹ ಮನೆಯ ಮಗನಿಗೆ ಸಾಮು ಕಲಿಯುವುದು ಆಟವಲ್ಲ, ಕುಲಧರ್ಮ.

ಗರಡಿಯ ಶಿಕ್ಷಣ ಆಯುಧದಿಂದ ಆರಂಭವಾಗುತ್ತಿರಲಿಲ್ಲ. ಗರಡಿಯೊಳಗಿನ ಕೆಮ್ಮಣ್ಣನ್ನು ಜರಡಿ ಹಿಡಿದು, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಬೆರೆಸಿ ಹದ ಮಾಡುವುದೇ ಮೊದಲ ಪಾಠ. ಹನುಮಂತನಿಗೆ ಕೈಮುಗಿದು, ಗುರುವಿನ ಪಾದ ಮುಟ್ಟಿ, ಅನಂತರ ದಂಡೆ, ಬಸ್ಕಿಗಳನ್ನು ಹೊಡೆಯಬೇಕು, ಗುಂಡುಕಲ್ಲನ್ನು ಎತ್ತಬೇಕು, ಮರದ ಲೋಡುಗಳನ್ನು ತಿರುಗಿಸಬೇಕು, ಮಣ್ಣಿನಲ್ಲಿ ಕುಸ್ತಿ ಹಿಡಿಯಬೇಕು. ಉಸಿರು ಹಿಡಿತಕ್ಕೆ ಬಂದು, ಕಾಲು ನೆಲದ ಮೇಲೆ ಭದ್ರವಾದ ಬಳಿಕವೇ ಕೋಲುವರಸೆ. ಕೋಲು ಕೈಗೆ ಪಳಗಿದ ಬಳಿಕ ಕತ್ತಿವರಸೆ.

ಕತ್ತಿವರಸೆಯಲ್ಲಿ ತೋಳಿನ ಬಲಕ್ಕಿಂತ ಹೆಜ್ಜೆಯ ಲೆಕ್ಕ ಮುಖ್ಯ. ಬಲಗೈಯಲ್ಲಿ ಖಡ್ಗ, ಎಡಗೈಯಲ್ಲಿ ಗುರಾಣಿ. ನಮ್ಮ ನಾಡಿನ ಬಾಗಿದ ಖಡ್ಗದ ಹಿಡಿ ಕಿರಿದು; ಅದು ಮುಷ್ಟಿಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಆದುದರಿಂದ ಹೊಡೆತವು ಮಣಿಕಟ್ಟಿನಿಂದಲ್ಲ, ಭುಜ ಮತ್ತು ಸೊಂಟದ ತಿರುವಿನಿಂದ ಹೊರಡಬೇಕು. ಎದುರಾಳಿಯ ಹೊಡೆತವನ್ನು ಗುರಾಣಿಯ ಮೇಲೆ ಜಾರಿಸಿ, ಅದೇ ಕ್ಷಣದಲ್ಲಿ ಪಕ್ಕಕ್ಕೆ ಸರಿದು ಮರುಹೊಡೆತ ಕೊಡಬೇಕು. ಈ ಒಂದು ಚಲನೆ ಕೈಗೂಡಲು ವರ್ಷಗಳ ಸಾಧನೆ ಬೇಕು.

ಇಂತಹ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ಕುಸ್ತಿಗೂ ಆಯುಧಧಾರಿಗಳ ಕಾಳಗಕ್ಕೂ ಪ್ರತ್ಯೇಕ ಪ್ರಕರಣಗಳಿವೆ. ದೂರದ ಯುರೋಪಿನಲ್ಲಿಯೂ ಖಡ್ಗಾಚಾರ್ಯರಿದ್ದರು. ಇಟಲಿಯ ಫಿಯೋರೆ ಎಂಬ ಗುರು ಹದಿನೈದನೆಯ ಶತಮಾನದ ಆರಂಭದಲ್ಲಿ ಕುಸ್ತಿ, ಕಠಾರಿ, ಖಡ್ಗ, ಈಟಿಗಳ ಪಟ್ಟುಗಳನ್ನು ಚಿತ್ರಸಹಿತವಾಗಿ ಬರೆದಿಟ್ಟನು. ಅಲ್ಲಿ ಮರೆತುಹೋಗಿದ್ದ ಆ ವಿದ್ಯೆಯನ್ನು ಇಂತಹ ಗ್ರಂಥಗಳ ನೆರವಿನಿಂದ ಆಸಕ್ತರು ಇಂದು ಮತ್ತೆ ಅಭ್ಯಾಸ ಮಾಡುತ್ತಿದ್ದಾರೆ. ಯುರೋಪಿನಿಂದ ಹಡಗಿನಲ್ಲಿ ಬಂದ ನೇರ ಅಲಗುಗಳಿಗೆ ನಮ್ಮ ಕಮ್ಮಾರರು ದೇಶೀಯ ಹಿಡಿಯನ್ನು ಕೂಡಿಸುತ್ತಿದ್ದರು. ಅಂತಹ ಕತ್ತಿಗೆ ಫಿರಂಗಿ ಎಂದೇ ಹೆಸರಾಯಿತು. ಆದರೆ ಗರಡಿಯ ವಿದ್ಯೆಗೆ ಗುರುವಿನ ದೇಹವೇ ಗ್ರಂಥ. ಒಂದು ತಲೆಮಾರು ಕಲಿಯದಿದ್ದರೆ ಆ ಗ್ರಂಥದ ಪುಟಗಳು ಶಾಶ್ವತವಾಗಿ ಮುಚ್ಚಿಹೋಗುತ್ತಿದ್ದವು.

ರಾಯಣ್ಣನ ವಿದ್ಯೆಗೆ ಪರೀಕ್ಷೆಯ ಕಾಲ 1824ರಲ್ಲಿ ಬಂದಿತು. ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತುಪುತ್ರನ ಹಕ್ಕನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ತಲೆಬಾಗಲಿಲ್ಲ. ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದನು, ಕಿತ್ತೂರು ಗೆದ್ದಿತು. ಆದರೆ ಡಿಸೆಂಬರಿನಲ್ಲಿ ಕಂಪನಿಯ ಸರಕಾರ ದೊಡ್ಡ ಸೈನ್ಯವನ್ನೂ ತೋಪುಗಳನ್ನೂ ತಂದಿತು. ಕೋಟೆ ಬಿದ್ದಿತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. ರಾಣಿಯ ಪರವಾಗಿ ಹೋರಾಡಿದ ರಾಯಣ್ಣನೂ ಸೆರೆಸಿಕ್ಕು, ಅನಂತರ ಬಿಡುಗಡೆ ಹೊಂದಿದನು.

ಬಿಡುಗಡೆಯಾಗಿ ಬಂದವನಿಗೆ ಹಳೆಯ ಬಾಳು ಉಳಿದಿರಲಿಲ್ಲ. ಸೇವೆಗಾಗಿ ಬಂದಿದ್ದ ಹೊಲದ ಒಂದು ಭಾಗವನ್ನು ಸರಕಾರ ಕಿತ್ತುಕೊಂಡಿತು. ಉಳಿದುದಕ್ಕೆ ಭಾರವಾದ ಕಂದಾಯ ಹೇರಿತು. ಇದು ಅವನೊಬ್ಬನ ಸಂಕಟವಾಗಿರಲಿಲ್ಲ. ಸುತ್ತಲಿನ ಅನೇಕ ರೈತರು ಕಂದಾಯದ ಭಾರದಿಂದಲೂ ಸಾಲದ ಪತ್ರಗಳಿಂದಲೂ ಬಳಲುತ್ತಿದ್ದರು. 1829ರ ಫೆಬ್ರುವರಿಯಲ್ಲಿ ರಾಣಿ ಚೆನ್ನಮ್ಮ ಸೆರೆಯಲ್ಲಿಯೇ ಕೊನೆಯುಸಿರೆಳೆದಳು. ದತ್ತುಪುತ್ರನನ್ನು ಸಿಂಹಾಸನದ ಮೇಲೆ ಕೂರಿಸಿ ಕಿತ್ತೂರನ್ನು ಮತ್ತೆ ಸ್ವತಂತ್ರಗೊಳಿಸಬೇಕೆಂದು ರಾಯಣ್ಣ ಪಣತೊಟ್ಟನು. ಸಿದ್ದಿ ಜನಾಂಗದ ಗಜವೀರನೇ ಮೊದಲಾದ ವೀರರು ಅವನ ಜೊತೆಗೂಡಿದರು.

ಬಯಲಿನಲ್ಲಿ ಸಾಲುಗಟ್ಟಿ ನಿಂತ ಬಂದೂಕುಗಳ ಮುಂದೆ ಖಡ್ಗ ನಿಲ್ಲಲಾರದೆಂಬುದನ್ನು ಕಿತ್ತೂರಿನ ಸೋಲು ಕಲಿಸಿತ್ತು. ಆದರೆ ಆ ಕಾಲದ ಬಂದೂಕಿಗೂ ದೌರ್ಬಲ್ಯವಿತ್ತು. ಒಮ್ಮೆ ಗುಂಡು ಹಾರಿಸಿದ ಮೇಲೆ ಮತ್ತೆ ಮದ್ದು ತುಂಬಿ, ಗುಂಡು ಜಡಿಯಬೇಕಾಗಿತ್ತು. ಮದ್ದು ತೊಯ್ದರೆ ಅದು ಬರಿಯ ದೊಣ್ಣೆ. ಕತ್ತಲಲ್ಲಿ, ದಟ್ಟವಾದ ಕಾಡಿನಲ್ಲಿ, ಹತ್ತು ಹೆಜ್ಜೆಯ ಅಂತರದಲ್ಲಿ ಗರಡಿಯಲ್ಲಿ ಪಳಗಿದ ಕಾಲಿಗೂ ಕೈಗೂ ಸಾಟಿಯಿರಲಿಲ್ಲ. ರಾಯಣ್ಣನು ಇದನ್ನರಿತು ಗೆರಿಲ್ಲಾ ಯುದ್ಧವನ್ನು ಆರಿಸಿಕೊಂಡನು. 1830ರ ಆರಂಭದಲ್ಲಿ ಬೀಡಿಯ ಕಚೇರಿ ಉರಿಯಿತು. ಖಾನಾಪುರ, ನಂದಗಡ, ಸಂಪಗಾವಿಗಳ ಸುತ್ತಲೂ ಸರಕಾರದ ಖಜಾನೆಗಳು ಸೂರೆಯಾದವು. ಕಂದಾಯದ ಕಡತಗಳೂ ಸಾಲದ ಪತ್ರಗಳೂ ಬೂದಿಯಾದವು. ಬಡವರ ಹೊಲಗಳನ್ನು ನುಂಗುತ್ತಿದ್ದ ಆ ಕಾಗದಗಳೇ ರಾಯಣ್ಣನ ಮುಖ್ಯ ಗುರಿಯಾಗಿದ್ದವು.

ಎದುರಿಗೆ ನಿಂತು ಹಿಡಿಯಲಾಗದವನನ್ನು ಮೋಸದಿಂದ ಹಿಡಿಯಲು ಸರಕಾರ ನಿಶ್ಚಯಿಸಿತು. ನಮ್ಮವರೇ ಆದ ಕೆಲವರು ಆಮಿಷಕ್ಕೆ ಬಲಿಯಾಗಿ, ಹೋರಾಟಗಾರರ ವೇಷದಲ್ಲಿ ರಾಯಣ್ಣನ ದಂಡನ್ನು ಸೇರಿಕೊಂಡರು. 1830ರ ಏಪ್ರಿಲಿನ ಒಂದು ದಿನ ರಾಯಣ್ಣನು ಡೋರಿ ಹಳ್ಳದಲ್ಲಿ ಸ್ನಾನಕ್ಕೆ ಇಳಿದನು. ಎಂದೂ ಕೈಬಿಡದ ಖಡ್ಗವನ್ನು ಆಗ ಜೊತೆಯವನ ಕೈಗೆ ಕೊಟ್ಟನೆಂದೂ, ಹೊಂಚಿದ್ದವರು ಮುತ್ತಿದಾಗ ಅವನು ಅದನ್ನು ಕೇಳಿದರೆ ಆ ದ್ರೋಹಿ ಕೊಡದೆ ದೂರ ಓಡಿದನೆಂದೂ ಲಾವಣಿಕಾರರು ಇಂದಿಗೂ ಕಣ್ಣೀರು ತುಂಬಿ ಹಾಡುತ್ತಾರೆ. ಶತ್ರುವಿನ ಹೊಡೆತವನ್ನು ತಪ್ಪಿಸಿಕೊಳ್ಳುವ ವರಸೆಗಳನ್ನು ಗರಡಿ ಅವನಿಗೆ ಕಲಿಸಿತ್ತು. ನಂಬಿದವನ ದ್ರೋಹವನ್ನು ತಡೆಯುವ ವರಸೆ ಯಾವ ಗರಡಿಯಲ್ಲಿಯೂ ಇರಲಿಲ್ಲ.

1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಆಗ ಅವನು ಮೂವತ್ತೆರಡರ ತರುಣ. ಅವನ ಸಮಾಧಿಯ ಬಳಿ ಬೆಳೆದ ಆಲದ ಮರಕ್ಕೆ ತಾಯಂದಿರು ಪುಟ್ಟ ತೊಟ್ಟಿಲು ಕಟ್ಟಿ, ರಾಯಣ್ಣನಂತಹ ಮಗ ಹುಟ್ಟಲೆಂದು ಹರಕೆ ಹೊರುತ್ತಾರೆ. ಬೆಂಗಳೂರಿನ ಪ್ರಧಾನ ರೈಲು ನಿಲ್ದಾಣ ಅವನ ಹೆಸರನ್ನು ಹೊತ್ತಿದೆ. ಅವನು ಹುಟ್ಟಿದ ದಿನ ಭಾರತದ ಸ್ವಾತಂತ್ರ್ಯ ದಿನವೂ, ಮಡಿದ ದಿನ ಗಣರಾಜ್ಯ ದಿನವೂ ಆದುದು ಇತಿಹಾಸದ ಸೋಜಿಗ.

ರಾಯಣ್ಣನು ಹಚ್ಚಿದ ಕಿಡಿ ನಂದಗಡದಲ್ಲಿ ನಂದಲಿಲ್ಲ. ನೂರಹನ್ನೆರಡು ವರ್ಷಗಳ ಅನಂತರ, 1943ರ ಏಪ್ರಿಲ್ 1ರಂದು, ಇಂದಿನ ಹಾವೇರಿ ಜಿಲ್ಲೆಯ ಹೊಸರಿತ್ತಿಯಲ್ಲಿ ಬ್ಯಾಡಗಿ ತಾಲೂಕು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಬ್ರಿಟಿಷ್ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ನುಗ್ಗಿ, ಇಬ್ಬರು ಸಂಗಾತಿಗಳೊಡನೆ ಗುಂಡಿಗೆ ಎದೆಯೊಡ್ಡಿದರು. ಗಾಂಧೀಜಿಯವರೊಡನೆ ದಂಡಿಗೆ ನಡೆದಿದ್ದ ಅವರ ಮಾರ್ಗ ಬೇರೆ, ಕಾಲ ಬೇರೆ. ಆದರೆ ಬಡ ರೈತನ ಬೆವರಿನ ಹಣ ಪರರ ಖಜಾನೆ ಸೇರಬಾರದೆಂಬ ಕೆಚ್ಚು ಒಂದೇ.

ಖಡ್ಗವನ್ನು ಕಸಿದುಕೊಳ್ಳಬಹುದು, ಅದನ್ನು ಹಿಡಿಯಲು ಕಲಿಸಿದ ಸಂಯಮವನ್ನೂ ಯಾರಿಗಾಗಿ ಹಿಡಿಯಬೇಕೆಂಬ ವಿವೇಕವನ್ನೂ ಯಾರೂ ಕಸಿಯಲಾರರು. ಗರಡಿಯ ಮಣ್ಣು ರಾಯಣ್ಣನಿಗೆ ಬಲವನ್ನು ಕೊಟ್ಟಿತು. ಆ ಬಲಕ್ಕೆ ಅರ್ಥವನ್ನು ಕೊಟ್ಟದ್ದು ನಾಡಿನ ಮೇಲೆ ಅವನಿಗಿದ್ದ ಪ್ರೀತಿ.