ಬಿಸಿಲು, ಗಾಳಿ ಅಳೆದ ಅನ್ನಾ ಮಣಿ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂಭ್ರಮದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಸರ್ ಸಿ.ವಿ. ರಾಮನ್ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರ ವಿಷಯ ನಮ್ಮ ಮಕ್ಕಳು ಪಾಠದಲ್ಲಿ ಓದಿಯೇ ಇರುತ್ತಾರೆ. ಆದ್ದರಿಂದ ರಾಮನ್ ಅವರ ಪ್ರಯೋಗಾಲಯದಲ್ಲಿಯೇ ಕೆಲಸ ಕಲಿತು, ಮುಂದೆ ಇಡೀ ದೇಶದ ಬಿಸಿಲು, ಗಾಳಿ, ಮಳೆಗಳನ್ನು ಸರಿಯಾಗಿ ಅಳೆಯುವುದನ್ನು ರೂಢಿಗೆ ತಂದ ಒಬ್ಬ ಮಹಿಳೆಯ ಬಗ್ಗೆ ಬರೆಯುವುದು ಒಳ್ಳೆಯದೆನಿಸಿತು. ಅವರೇ ಅನ್ನಾ ಮಣಿ.

ಲಿಂಗಸುಗೂರು ಭಾಗದ ನಮಗೆ ಹವಾಮಾನವೆಂದರೆ ಪರೀಕ್ಷೆಗೆ ಬರುವ ಒಂದು ಪಾಠ ಮಾತ್ರವಲ್ಲ. ಮುಂಗಾರಿ ತಡವಾದರೆ ಸಜ್ಜೆ, ತೊಗರಿ ಕೈ ಕೊಡುತ್ತವೆ. ಹಿಂಗಾರಿ ಹದ ತಪ್ಪಿದರೆ ಎರಿ ಹೊಲದ ಬಿಳಿಜೋಳ, ಕಡಲೆ ಇಲ್ಲ. ಸಿಂಧನೂರು, ಮಸ್ಕಿ ಕಡೆಯ ಭತ್ತದ ಗದ್ದೆಗಳು ತುಂಗಭದ್ರಾ ಎಡದಂಡೆ ಕಾಲುವೆಯ ದಾರಿ ಕಾಯುತ್ತವೆ. 2009ರಲ್ಲಿ ದೇಶದಲ್ಲೆಲ್ಲ ಮುಂಗಾರು ಸೋತಿತ್ತು. ಅದೇ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ನಮ್ಮ ರಾಯಚೂರು ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿತು. ಕಾಲ ಕೆಟ್ಟಿತು, ಮಳೆಗಾಲ ಮೊದಲಿನಂತಿಲ್ಲ ಎಂದು ಹಿರಿಯರು ಕಟ್ಟೆಯ ಮೇಲೆ ಕುಳಿತು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಮಾತು ನಿಜವೇ, ನಿಜವಾದರೆ ಎಷ್ಟರ ಮಟ್ಟಿಗೆ ನಿಜ ಎಂದು ತಿಳಿಯುವುದು ಹೇಗೆ? ಅದಕ್ಕೆ ಅಳತೆ ಬೇಕು. ಅಳತೆ ಸರಿಯಾಗಿರಬೇಕು. ವರ್ಷಗಟ್ಟಲೆ ಬಿಡದೆ ಬರೆದಿಟ್ಟಿರಬೇಕು. ಅನ್ನಾ ಮಣಿಯವರ ಬದುಕು ಈ ಒಂದು ಕೆಲಸಕ್ಕೆ ಮೀಸಲಾಗಿತ್ತು.

ಅನ್ನಾ ಮಣಿ ಹುಟ್ಟಿದ್ದು 1918ರ ಆಗಸ್ಟ್ 23ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ. ತಂದೆ ಸಿವಿಲ್ ಎಂಜಿನಿಯರ್. ಏಲಕ್ಕಿ ತೋಟಗಳೂ ಇದ್ದವು. ಎಂಟು ಮಕ್ಕಳಲ್ಲಿ ಇವರು ಏಳನೆಯವರು. ಅನುಕೂಲಸ್ಥ ಮನೆತನವಾದರೂ ಆ ಕಾಲದ ರೂಢಿಯಂತೆ ಗಂಡುಮಕ್ಕಳನ್ನು ಉದ್ಯೋಗಕ್ಕೂ ಹೆಣ್ಣುಮಕ್ಕಳನ್ನು ಮದುವೆಗೂ ಸಿದ್ಧ ಮಾಡುತ್ತಿದ್ದರು. ಈ ಹುಡುಗಿಗೆ ಮಾತ್ರ ಓದಿನ ಹುಚ್ಚು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದಾಗ ಅದನ್ನು ಬೇಡವೆಂದು, ಬ್ರಿಟಾನಿಕಾ ವಿಶ್ವಕೋಶ ಬೇಕೆಂದು ಕೇಳಿ ಪಡೆದಳು. ವೈಕಂ ಸತ್ಯಾಗ್ರಹದ ಕಾಲದಲ್ಲಿ, 1925ರಲ್ಲಿ, ಗಾಂಧೀಜಿ ಆ ಕಡೆಗೆ ಬಂದಾಗ ಆಕೆ ಇನ್ನೂ ಚಿಕ್ಕ ಹುಡುಗಿ. ಆ ದಿನಗಳ ಪ್ರಭಾವ ಮನಸ್ಸಿನಲ್ಲಿ ಉಳಿದು, ಖಾದಿ ಉಡುವುದನ್ನು ರೂಢಿ ಮಾಡಿಕೊಂಡರು.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿ 1939ರಲ್ಲಿ ಬಿ.ಎಸ್‌ಸಿ. ಆನರ್ಸ್ ಮುಗಿಸಿದರು. ಮರುವರ್ಷ ವಿದ್ಯಾರ್ಥಿವೇತನ ದೊರೆತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ರಾಮನ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಕೆಲಸ ವಜ್ರ ಮತ್ತು ಮಾಣಿಕ್ಯಗಳು ಬೆಳಕನ್ನು ಹೇಗೆ ಹೀರುತ್ತವೆ, ಹೇಗೆ ಹೊರಸೂಸುತ್ತವೆ ಎಂಬುದರ ಅಧ್ಯಯನ. ಚಿಕ್ಕಂದಿನಲ್ಲಿ ವಜ್ರದ ಓಲೆ ಬೇಡವೆಂದವರು ಈಗ ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಒಂದು ಚಿತ್ರ ಫೋಟೋ ಫಲಕದ ಮೇಲೆ ಮೂಡಲು ಹದಿನೈದು ಇಪ್ಪತ್ತು ಗಂಟೆ ಹಿಡಿಯುತ್ತಿತ್ತು. ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲಿಯೇ ಕಳೆದರು. 1942ರಿಂದ 1945ರ ಒಳಗೆ ಒಬ್ಬರೇ ಐದು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು.

1945ರ ಆಗಸ್ಟಿನಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರು. ಆಗ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳಿಗೆ ಪದವಿ ಕೊಡುತ್ತಿದ್ದುದು ಮದ್ರಾಸ್ ವಿಶ್ವವಿದ್ಯಾಲಯ. ಅನ್ನಾ ಮಣಿಯವರಿಗೆ ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ಕೊಡಲಿಲ್ಲ. ಐದು ವರ್ಷದ ದುಡಿಮೆಗೆ ಒಂದು ಕಾಗದದ ಪ್ರಮಾಣಪತ್ರವೂ ಸಿಗಲಿಲ್ಲ. ಆ ಪ್ರಬಂಧ ಇಂದಿಗೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ. ಬೇರೆಯವರಾಗಿದ್ದರೆ ಮನನೊಂದು ಕೈಬಿಡುತ್ತಿದ್ದರೇನೋ. ಇವರು ಅದನ್ನು ದೊಡ್ಡದು ಮಾಡಲಿಲ್ಲ. ಮುಂದಿನ ದಾರಿ ನೋಡಿದರು. ಪದವಿ ಇಲ್ಲದಿದ್ದರೂ ಜೀವಮಾನವಿಡೀ ವಿಜ್ಞಾನಿಯಾಗಿಯೇ ಬಾಳಿದರು.

ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೋಗುವ ಅವಕಾಶ ಬಂತು. ಸೈನಿಕರನ್ನು ಸಾಗಿಸುವ ಹಡಗಿನಲ್ಲಿ ಪ್ರಯಾಣ. ಅವರಿಗೆ ಭೌತಶಾಸ್ತ್ರದಲ್ಲಿಯೇ ಮುಂದುವರಿಯುವ ಆಸೆ. ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. ಸಿಕ್ಕಿದ್ದನ್ನೇ ಶ್ರದ್ಧೆಯಿಂದ ಕಲಿತು, ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ದೇಶಕ್ಕೆ ಮರಳಿ ಪುಣೆಯಲ್ಲಿ ಭಾರತ ಹವಾಮಾನ ಇಲಾಖೆಯ ಉಪಕರಣ ವಿಭಾಗ ಸೇರಿದರು.

ಆಗಿನ ಪರಿಸ್ಥಿತಿ ಇಂದಿನ ಮಕ್ಕಳಿಗೆ ಊಹಿಸಲೂ ಕಷ್ಟ. ಥರ್ಮಾಮೀಟರ್, ವಾಯುಭಾರಮಾಪಕದಂಥ ಸಾಮಾನ್ಯ ಉಪಕರಣಗಳೂ ಹೊರದೇಶದಿಂದ ಬರಬೇಕಾಗಿತ್ತು. ಅನ್ನಾ ಮಣಿಯವರು ಸುಮಾರು ನೂರು ಬಗೆಯ ಹವಾಮಾನ ಉಪಕರಣಗಳ ನಕ್ಷೆಗಳನ್ನು ಒಂದೇ ಮಾನಕಕ್ಕೆ ತಂದು, ಅವುಗಳನ್ನು ದೇಶದಲ್ಲಿಯೇ ತಯಾರಿಸುವ ಕೆಲಸಕ್ಕೆ ಕೈ ಹಾಕಿದರು. 1953ರ ಹೊತ್ತಿಗೆ ಅವರ ವಿಭಾಗದಲ್ಲಿ 121 ಮಂದಿ ಗಂಡಸರು ಅವರ ಕೈಕೆಳಗೆ ದುಡಿಯುತ್ತಿದ್ದರು. ತಪ್ಪು ಅಳತೆ ಇಟ್ಟುಕೊಳ್ಳುವುದಕ್ಕಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರು ಪಾಲಿಸಿದ ನಿಯಮ.

ಈ ನಿಯಮದ ಮಹತ್ವ ಏನೆಂದು ಒಂದು ಉದಾಹರಣೆಯಿಂದ ನೋಡೋಣ. ಲಿಂಗಸುಗೂರಿನಲ್ಲಿ ಒಂದು ಥರ್ಮಾಮೀಟರ್, ಸಿಂಧನೂರಿನಲ್ಲಿ ಇನ್ನೊಂದು ಇದೆ ಎಂದುಕೊಳ್ಳಿ. ಒಂದನ್ನು ನೆರಳಿನಲ್ಲಿ, ಗಾಳಿ ಆಡುವ ಬಿಳಿ ಕಟ್ಟಿಗೆ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಇನ್ನೊಂದನ್ನು ಬಿಸಿಲು ತಾಗುವ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದಾರೆ. ಎರಡರ ನಡುವೆ ನಾಲ್ಕೈದು ಡಿಗ್ರಿ ವ್ಯತ್ಯಾಸ ಬಂದರೆ ಅದು ಊರಿನ ವ್ಯತ್ಯಾಸವಲ್ಲ, ಇಟ್ಟ ಜಾಗದ ವ್ಯತ್ಯಾಸ. 1850ರಿಂದ 1900ರವರೆಗಿನ ಸರಾಸರಿಗೆ ಹೋಲಿಸಿದರೆ 2011ರಿಂದ 2020ರ ದಶಕದಲ್ಲಿ ಭೂಮಿಯ ಮೇಲ್ಮೈ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಇಷ್ಟು ಸಣ್ಣ ಏರಿಕೆಯನ್ನು ಹಿಡಿಯಬೇಕಾದರೆ ಎಲ್ಲ ದೇಶಗಳ ಉಪಕರಣಗಳೂ ಒಂದೇ ಮಾನಕದಲ್ಲಿ ಇರಬೇಕು. ಇಲ್ಲವಾದರೆ ಉಪಕರಣದ ತಪ್ಪು ಯಾವುದು, ಭೂಮಿ ಬಿಸಿಯಾದದ್ದು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ.

1957-58ನೇ ಸಾಲು ಅಂತರರಾಷ್ಟ್ರೀಯ ಭೂಭೌತ ವರ್ಷ. ಭೂಮಿಯನ್ನು ಎಲ್ಲ ದೇಶಗಳೂ ಕೂಡಿ ಒಂದೇ ಕಾಲದಲ್ಲಿ ಅಳೆಯುವ ದೊಡ್ಡ ಪ್ರಯತ್ನ ಅದು. ಆ ಸಂದರ್ಭದಲ್ಲಿ ಅನ್ನಾ ಮಣಿಯವರು ಭಾರತದಾದ್ಯಂತ ಸೂರ್ಯನ ವಿಕಿರಣ ಅಳೆಯುವ ಕೇಂದ್ರಗಳ ಜಾಲವನ್ನು ಕಟ್ಟಿದರು. ಇದರ ಉಪಕರಣ ಸರಳವಾದದ್ದು. ಗಾಜಿನ ಗುಮ್ಮಟದೊಳಗೆ ಒಂದು ಕಪ್ಪು ಮೇಲ್ಮೈ ಇರುತ್ತದೆ. ಬಿಸಿಲಿಗೆ ಅದು ಕಾದಾಗ, ಕಾದ ಭಾಗಕ್ಕೂ ಕಾಯದ ಭಾಗಕ್ಕೂ ಇರುವ ಉಷ್ಣತೆಯ ಅಂತರದಿಂದ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತನ್ನು ಅಳೆದರೆ ಬಿಸಿಲಿನ ಪ್ರಮಾಣ ತಿಳಿಯುತ್ತದೆ. ಆದರೆ ಅದು ತೋರಿಸುವ ಅಂಕಿ ಸರಿಯೇ ಎಂದು ಆಗಾಗ ತಾಳೆ ನೋಡಬೇಕು. ಇಂದು ಇದಕ್ಕಾಗಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಜಗತ್ತಿನ ಮಾನಕ ಉಪಕರಣಗಳಿವೆ. ಐದು ವರ್ಷಕ್ಕೊಮ್ಮೆ ದೇಶದೇಶಗಳವರು ತಮ್ಮ ಉಪಕರಣ ಅಲ್ಲಿಗೆ ಒಯ್ದು ಹೋಲಿಸಿ ನೋಡುತ್ತಾರೆ. ನಮ್ಮ ಸಂತೆಯಲ್ಲಿ ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಇರುವ ಹಾಗೆ.

ಅದೇ ಭೂಭೌತ ವರ್ಷದಲ್ಲಿ, 1958ರಲ್ಲಿ, ಅಮೆರಿಕದ ಚಾರ್ಲ್ಸ್ ಕೀಲಿಂಗ್ ಅವರು ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯಲು ತೊಡಗಿದರು. ಆಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ಸುಮಾರು 315 ಭಾಗವಿತ್ತು. ಈಗ 420ನ್ನು ದಾಟಿದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟಷ್ಟೂ ಈ ಅನಿಲ ಏರುತ್ತದೆ. ಅದು ಭೂಮಿಯಿಂದ ಹೊರಹೋಗಬೇಕಾದ ಶಾಖವನ್ನು ತಡೆಯುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಬಂದಾಗ ಒಮ್ಮೆಗೇ ಸುರಿಯುವ ಭಾರಿ ಮಳೆಗಳು ಹೆಚ್ಚುವುದಕ್ಕೆ ಇದೂ ಒಂದು ಕಾರಣ.

1960ರ ದಶಕದಲ್ಲಿ ಅನ್ನಾ ಮಣಿಯವರು ಓಝೋನ್ ಕಡೆಗೆ ತಿರುಗಿದರು. ಓಝೋನ್ ಪದರ ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆದು ನಮ್ಮನ್ನು ಕಾಯುತ್ತದೆ. ಅದನ್ನು ಅಳೆಯಲು ಬಲೂನಿಗೆ ಕಟ್ಟಿ ಮೇಲಕ್ಕೆ ಬಿಡುವ ಉಪಕರಣವನ್ನು ಅವರ ತಂಡ ಭಾರತದಲ್ಲಿಯೇ ರೂಪಿಸಿತು. ಮೇಲಿನ ಗಾಳಿಯನ್ನು ಒಂದು ದ್ರಾವಣದ ಮೂಲಕ ಹಾಯಿಸಿದಾಗ ಓಝೋನ್ ಇದ್ದಷ್ಟು ವಿದ್ಯುತ್ ಹರಿಯುತ್ತದೆ. ಆ ಸುದ್ದಿ ರೇಡಿಯೋ ಅಲೆಗಳ ಮೂಲಕ ಕೆಳಗೆ ಬರುತ್ತದೆ. ಉಷ್ಣವಲಯದ ಮೇಲಿನ ಓಝೋನಿನ ಅಂಕಿಗಳು ಹೀಗೆ ಜಗತ್ತಿಗೆ ದೊರೆಯತೊಡಗಿದವು. ಅನ್ನಾ ಮಣಿಯವರು ಅಂತರರಾಷ್ಟ್ರೀಯ ಓಝೋನ್ ಆಯೋಗದ ಸದಸ್ಯರೂ ಆದರು. ವಿಕ್ರಮ್ ಸಾರಾಭಾಯಿಯವರ ಕೋರಿಕೆಯಂತೆ ತುಂಬಾ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನು ಸ್ಥಾಪಿಸಿಕೊಟ್ಟವರೂ ಇವರೇ. 1976ರಲ್ಲಿ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು.

ನಿವೃತ್ತಿಯೆಂದರೆ ಅವರಿಗೆ ವಿಶ್ರಾಂತಿಯಾಗಿರಲಿಲ್ಲ. ಮತ್ತೆ ಬೆಂಗಳೂರಿಗೆ, ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಭಾರತದ ಯಾವ ಭಾಗದಲ್ಲಿ ಯಾವ ತಿಂಗಳು ಎಷ್ಟು ಬಿಸಿಲು ಬೀಳುತ್ತದೆ ಎಂಬ ಅಂಕಿಗಳ ಎರಡು ಗ್ರಂಥಗಳನ್ನು 1980 ಮತ್ತು 1981ರಲ್ಲಿ ಹೊರತಂದರು. ಆಮೇಲೆ ದೇಶದ ನೂರಾರು ಕಡೆ ಗಾಳಿಯ ವೇಗ ಅಳೆಯುವ ಸಮೀಕ್ಷೆ ನಡೆಸಿದರು. ಬೆಂಗಳೂರಿನ ಹೊರವಲಯದಲ್ಲಿ ಬಿಸಿಲು, ಗಾಳಿ ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆ ತೆರೆದರು. ಇಂದು ಪಾವಗಡದ ಸೋಲಾರ್ ಪಾರ್ಕ್, ಗದಗ, ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡುವಾಗ, ಬಿಸಿಲು ಗಾಳಿಗಳಿಂದ ವಿದ್ಯುತ್ ತೆಗೆಯುವ ಮಾತು ಇನ್ನೂ ಹೊಸದಾಗಿದ್ದ ಕಾಲಕ್ಕೇ ಲೆಕ್ಕ ಹಾಕಿಟ್ಟ ಈ ಹಿರಿಯರನ್ನು ನೆನೆಯಬೇಕು.

ಇನ್ನು ಇಂಥ ಅಳತೆಗಳೆಲ್ಲ ಕೊನೆಗೆ ಎಲ್ಲಿಗೆ ಸೇರುತ್ತವೆ ಎಂಬುದನ್ನು ತಿಳಿಯೋಣ. 1988ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿಯನ್ನು ರಚಿಸಿದವು. ಐಪಿಸಿಸಿ ಎಂಬ ಹೆಸರು ಪತ್ರಿಕೆಗಳಲ್ಲಿ ಬರುವುದು ಇದರದ್ದೇ. ಈ ಸಮಿತಿ ತಾನೇ ಪ್ರಯೋಗ ಮಾಡುವುದಿಲ್ಲ, ಉಪಕರಣ ಇಡುವುದಿಲ್ಲ. ಜಗತ್ತಿನಲ್ಲಿ ಈಗಾಗಲೇ ಪ್ರಕಟವಾದ ಸಂಶೋಧನೆಗಳನ್ನು ಓದಿ, ತೂಗಿ, ಯಾವುದು ಖಚಿತ, ಯಾವುದು ಇನ್ನೂ ಅನುಮಾನ ಎಂದು ಹೇಳುತ್ತದೆ. ಮೊದಲ ವರದಿ 1990ರಲ್ಲಿ ಬಂತು. ಆರನೆಯ ವರದಿಯ ಮೊದಲ ಭಾಗವನ್ನು 2021ರಲ್ಲಿ 66 ದೇಶಗಳ 234 ವಿಜ್ಞಾನಿಗಳು ಬರೆದರು. ಅದಕ್ಕೆ 14 ಸಾವಿರಕ್ಕೂ ಹೆಚ್ಚು ಸಂಶೋಧನೆಗಳನ್ನು ಆಧಾರವಾಗಿ ತೆಗೆದುಕೊಂಡರು. ಕರಡನ್ನು ಓದಿದ ತಜ್ಞರು ಮತ್ತು ಸರ್ಕಾರಗಳಿಂದ 78 ಸಾವಿರದಷ್ಟು ಆಕ್ಷೇಪಣೆ, ಸಲಹೆಗಳು ಬಂದವು, ಅವನ್ನೆಲ್ಲ ಪರಿಶೀಲಿಸಿದರು. ಕೊನೆಗೆ ಅದರ ಸಾರಾಂಶವನ್ನು ಎಲ್ಲ ಸರ್ಕಾರಗಳ ಪ್ರತಿನಿಧಿಗಳು ಕುಳಿತು ಒಂದೊಂದು ಸಾಲಾಗಿ ಒಪ್ಪಿದರು. ಮನುಷ್ಯರ ಚಟುವಟಿಕೆಯಿಂದಲೇ ಭೂಮಿ ಬಿಸಿಯಾಗಿದೆ ಎಂಬುದರಲ್ಲಿ ಸಂಶಯವಿಲ್ಲ ಎಂದು ಆ ವರದಿ ತೀರ್ಮಾನಿಸಿತು.

ಅನ್ನಾ ಮಣಿಯವರು ಕಟ್ಟಿದಂಥ ವಿಕಿರಣ ಕೇಂದ್ರಗಳ ದಾಖಲೆಗಳನ್ನು ನಂತರದ ವಿಜ್ಞಾನಿಗಳು ಪರಿಶೀಲಿಸಿದಾಗ, ಹೊಗೆ ಮತ್ತು ಧೂಳಿನ ಕಾರಣದಿಂದ ಭಾರತದ ನೆಲಕ್ಕೆ ಮುಟ್ಟುವ ಬಿಸಿಲು ದಶಕದಿಂದ ದಶಕಕ್ಕೆ ಕಡಿಮೆಯಾಗುತ್ತ ಬಂದದ್ದು ಕಂಡುಬಂತು. ಇಂಥ ಮಸುಕು ಎಷ್ಟು ಶಾಖವನ್ನು ಮರೆಮಾಚಿದೆ ಎಂಬುದು ಆ ಅಂತರರಾಷ್ಟ್ರೀಯ ವರದಿಗಳಲ್ಲಿ ಚರ್ಚೆಯಾಗುವ ಮುಖ್ಯ ವಿಷಯಗಳಲ್ಲೊಂದು. ದಿನ ತಪ್ಪದೆ ಬರೆದಿಟ್ಟ ಅಂಕಿಗಳು ಇಲ್ಲದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಓಝೋನಿನ ಕಥೆಯೂ ಅದೇ. ಅಂಟಾರ್ಕ್ಟಿಕದಲ್ಲಿ ದಶಕಗಳ ಕಾಲ ಅಳೆದದ್ದರಿಂದಲೇ 1985ರಲ್ಲಿ ಓಝೋನ್ ರಂಧ್ರ ಬೆಳಕಿಗೆ ಬಂತು. ಎರಡೇ ವರ್ಷದಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು.

ಅನ್ನಾ ಮಣಿಯವರಿಗೆ 1987ರಲ್ಲಿ ಕೆ.ಆರ್. ರಾಮನಾಥನ್ ಪದಕ ಸಂದಿತು. 1994ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು.

ವಿದ್ಯಾರ್ಥಿಗಳೇ, ಅದರಲ್ಲೂ ಹತ್ತನೆಯ ತರಗತಿ ಮುಗಿಯುತ್ತಿದ್ದಂತೆ ಇನ್ನು ಓದು ಸಾಕು ಎಂಬ ಮಾತು ಮನೆಯಲ್ಲಿ ಕೇಳಬೇಕಾದ ಹೆಣ್ಣುಮಕ್ಕಳೇ, ಈ ಬದುಕನ್ನು ಒಮ್ಮೆ ನಿಮ್ಮ ತಂದೆತಾಯಿಗೂ ಓದಿ ಹೇಳಿ. ನಮ್ಮ ಶಾಲೆಯ ಅಂಗಳದಲ್ಲಿಯೂ ಒಂದು ಮಳೆಮಾಪಕ ಇಡಬಹುದು. ದಿನಾಲೂ ಬೆಳಿಗ್ಗೆ ಎಂಟೂವರೆಗೆ ನೋಡಿ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮಳೆ ಬಾರದ ದಿನ ಸೊನ್ನೆಯೆಂದು ಬರೆಯಬೇಕು. ಖಾಲಿ ಬಿಡಬಾರದು, ಊಹಿಸಿ ತುಂಬಲೂಬಾರದು. ಒಂದು ತಂಡ ಪಾಸಾಗಿ ಹೋಗುವಾಗ ಮುಂದಿನ ತಂಡದ ಕೈಗೆ ಆ ಪುಸ್ತಕ ಕೊಟ್ಟು ಹೋಗಬೇಕು. ಶಾಲೆಯ ಶತಮಾನೋತ್ಸವ ಆಚರಿಸುವ ಹೊತ್ತಿಗೆ ಅದರಲ್ಲಿ ಐವತ್ತು ವರ್ಷದ ಲೆಕ್ಕ ಇರುತ್ತದೆ. ಮಳೆಗಾಲ ಮೊದಲಿನಂತಿಲ್ಲ ಎಂದು ಆಗ ಯಾರಾದರೂ ಹೇಳಿದರೆ, ಅದು ಎಷ್ಟು ನಿಜವೆಂದು ಲಿಂಗಸುಗೂರಿನ ಮಕ್ಕಳೇ ಪುಸ್ತಕ ತೆರೆದು ತೋರಿಸಬಹುದು.