ಕಲ್ಲಿನ ಲೆಕ್ಕ ಓದಿದ ಮೇರಿ ಆನಿಂಗ್

ಲೆಡ್ಜರಿನ ಮುಂದೆಯೇ ಹಗಲು ಕಳೆಯುವ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಜಮೆಯಾದರೂ ಸಂಜೆಗೆ ಒಟ್ಟು ಮೊತ್ತ ತಾಳೆಯಾಗುತ್ತದೆ. ಅದಕ್ಕೇ ಅಂಥ ತಪ್ಪು ಬೇಗನೆ ಸಿಕ್ಕಿಬೀಳುವುದಿಲ್ಲ. ವಿಜ್ಞಾನದ ಖಾತೆಯಲ್ಲಿ ಹಾಗೆ ಬಹುಕಾಲ ಉಳಿದ ತಪ್ಪೊಂದರ ಕಥೆಯೇ ಮೇರಿ ಆನಿಂಗಳ ಬಾಳು.

ಆಕೆ ಹುಟ್ಟಿದ್ದು ೧೭೯೯ರಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಎಂಬ ಪುಟ್ಟ ಊರಿನಲ್ಲಿ. ತಂದೆ ಬಡಗಿ. ಕಡಲಂಚಿನ ಬಂಡೆಗಳಿಂದ ಕಳಚಿ ಬೀಳುವ, ಕಲ್ಲಾಗಿ ಹೋದ ಚಿಪ್ಪುಗಳನ್ನು ಆರಿಸಿ ಪ್ರವಾಸಿಗಳಿಗೆ ಮಾರುವುದನ್ನು ಆತ ಮಕ್ಕಳಿಗೆ ಕಲಿಸಿದ್ದ. ೧೮೧೦ರಲ್ಲಿ ಸಾಲ ಉಳಿಸಿ ತೀರಿಕೊಂಡ. ಮೇರಿಗೆ ಆಗ ೧೧ ವರ್ಷ. ಆ ಕಲ್ಲುಗಳೇ ಮನೆಯ ಅನ್ನವಾದವು.

ಮರುವರ್ಷ ಅಣ್ಣ ಜೋಸೆಫನಿಗೆ ಮೊಸಳೆಯದರಂಥ ದೊಡ್ಡ ತಲೆಬುರುಡೆ ಸಿಕ್ಕಿತು. ಉಳಿದ ಎಲುಬುಗಳನ್ನು ೧೮೧೨ರಲ್ಲಿ ಮೇರಿ ಪತ್ತೆಹಚ್ಚಿದಳು. ಅದು ೨೩ ಪೌಂಡಿಗೆ ಮಾರಾಟವಾಯಿತು. ಅದು ಮೊಸಳೆಯಲ್ಲ, ಮೀನೂ ಅಲ್ಲ. ಸುಮಾರು ೨೦ ಕೋಟಿ ವರ್ಷಗಳ ಹಿಂದೆ ಕಡಲಲ್ಲಿ ಬಾಳಿದ ಇಕ್ತಿಯೋಸಾರ್ ಎಂಬ ಸರೀಸೃಪ. ಅದರ ಪೂರ್ವಜರು ನೆಲದ ಪ್ರಾಣಿಗಳು. ಸಂತತಿ ನೀರಿಗಿಳಿದ ಮೇಲೆ, ಲೆಕ್ಕವಿಲ್ಲದ ತಲೆಮಾರುಗಳಲ್ಲಿ ಕಾಲುಗಳು ದೋಣಿಯ ಹುಟ್ಟಿನಂತಾದವು.

೧೮೨೩ರಲ್ಲಿ ಆಕೆ ಉದ್ದ ಕತ್ತಿನ ಪ್ಲೀಸಿಯೋಸಾರನ್ನು ಅಗೆದು ತೆಗೆದಳು. ಅಷ್ಟುದ್ದದ ಕತ್ತನ್ನು ಕಂಡು ಪ್ಯಾರಿಸಿನ ಮಹಾಪಂಡಿತ ಕುವ್ಯೆ ಮೊದಲು ಸಂಶಯಪಟ್ಟು, ಬಳಿಕ ಒಪ್ಪಿದ. ೧೮೨೪ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಸಭೆಯಲ್ಲಿ ಕಾನಿಬೇರ್ ಎಂಬ ವಿದ್ವಾಂಸ ಅದನ್ನು ವರ್ಣಿಸಿದ, ಅಗೆದವಳ ಹೆಸರೆತ್ತಲಿಲ್ಲ. ಆ ಸಂಘ ಹೆಂಗಸರನ್ನು ಸದಸ್ಯರನ್ನಾಗಿ ಆರಿಸಿದ್ದು ೧೯೧೯ರಲ್ಲಿ!

ಆಕೆಯ ದುಡಿಮೆ ಸುಲಭದ್ದಲ್ಲ. ೧೮೩೩ರಲ್ಲಿ ಬಂಡೆ ಕುಸಿದು, ಸದಾ ಜೊತೆಗಿರುತ್ತಿದ್ದ ನಾಯಿ ಸತ್ತಿತು. ಆಕೆ ಕೂದಲೆಳೆಯಲ್ಲಿ ಪಾರಾದಳು.

ಇದರಿಂದ ಲೋಕಕ್ಕೆ ಬಂದ ಲಾಭವೇನು? ಬಂಡೆಯ ಪದರಗಳು ಭೂಮಿಯ ದಿನಚರಿ. ಸಾಮಾನ್ಯವಾಗಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ಸತ್ತ ಜೀವಿಗಳಲ್ಲಿ ಬೇಗನೆ ಕೆಸರಿನಲ್ಲಿ ಹೂತು ಕಲ್ಲಾಗುವವು ತೀರ ವಿರಳ. ಆದ್ದರಿಂದ ಅಲ್ಲಿ ಖಾಲಿ ಪುಟಗಳೇ ಹೆಚ್ಚು. ಇಡೀ ಒಂದು ಜೀವಕುಲ ಅಳಿದುಹೋಗಬಲ್ಲದೆಂಬುದು ಆಗ ಹಲವರಿಗೆ ನಂಬಲಾಗದ ಮಾತು. ಮೇರಿಯ ಎಲುಬುಗಳು ಅದನ್ನು ಕಣ್ಣಾರೆ ತೋರಿಸಿದವು. ಜೀವಿಗಳು ಬದಲಾಗುತ್ತ ಬಂದಿವೆಯೆಂದು ಡಾರ್ವಿನ್ ೧೮೫೯ರಲ್ಲಿ ಗ್ರಂಥ ಬರೆದಾಗ ಇಂಥ ಸಾಕ್ಷ್ಯ ಸಿದ್ಧವಾಗಿತ್ತು. ಅದನ್ನು ನೋಡಲು ಮೇರಿ ಇರಲಿಲ್ಲ. ೧೮೪೭ರಲ್ಲಿ, ೪೭ನೆಯ ವಯಸ್ಸಿನಲ್ಲಿ, ತೀರಿಹೋಗಿದ್ದಳು.

೨೦೨೨ರಲ್ಲಿ ಆಕೆಯ ಊರಿನಲ್ಲಿ ನಾಯಿಯೊಡನೆ ಆಕೆಯ ಪ್ರತಿಮೆ ನಿಂತಿತು. ತಡವಾದರೂ ಜಮೆ ಸರಿಯಾದ ಖಾತೆಗೆ ಬಿತ್ತು. ಮಕ್ಕಳೊಡನೆ ವಸ್ತುಸಂಗ್ರಹಾಲಯಕ್ಕೆ ಹೋದಾಗ ನಾವು ಪ್ರಾಣಿಯ ಹೆಸರಿನ ಜೊತೆಗೆ, ಅದನ್ನು ಅಗೆದವರು ಯಾರೆಂದೂ ಕೇಳೋಣ.